ಸೊಂಯ್ ಎನ್ನುವ ರೇಡಿಯೋ

ಲೋಕವೆಲ್ಲ ಕಿವಿಯಿಂದ ಕೇಳಿದರೆ ನಮ್ಮ ಸೋದರಮಾವ ತಲೆಯಿಂದ ಕೇಳುತ್ತಿದ್ದರು! ನಗಬೇಡಿ, ಇದು ನನ್ನ ಮಾತಲ್ಲ. ಸಂತೇಬೆನ್ನೂರಿನ ತಮ್ಮ ಮನೆಯ ಜಗಲಿಯಲ್ಲಿ ಕೂತು, ಸಂತೆಗೆ ಬಂದವರನ್ನೆಲ್ಲ ಕರೆಕರೆದು ಅವರೇ ಸಾರುತ್ತಿದ್ದ ಮಾತು.

"ಕಿವಿ ಬರೀ ಬಾಗಿಲು ಕಣ್ರಯ್ಯ. ಕೇಳೋದು ಒಳಗಿರೋ ಮಿದುಳು. ಬಾಗಿಲು ಬಡೀದೇನೆ ಒಳಗೆ ಬರೋ ಸದ್ದೂ ಐತೆ!"

ಎಪ್ಪತ್ತರ ದಶಕದ ಮಾತಿದು. ಮಾವ ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದರು. ಅಲ್ಲಿ ಅವರದು ಬಂದೂಕಿನ ಕೆಲಸವಲ್ಲ. ವಿಮಾನ ಬರುವುದನ್ನು ದೂರದಿಂದಲೇ ಪತ್ತೆ ಹಚ್ಚುವ ರಾಡಾರ್ ನೋಡಿಕೊಳ್ಳುವುದು. ಅದರ ದೊಡ್ಡ ತಟ್ಟೆಯ ಎದುರು ನಿಂತರೆ ಸಾಕು, ಅವರ ತಲೆಯ ಹಿಂಭಾಗದಲ್ಲಿ 'ಟಿಕ್ ಟಿಕ್ ಜುಂಯ್' ಎಂದು ಶುರುವಾಗುತ್ತಿತ್ತಂತೆ. ಕಿವಿಗೆ ಹತ್ತಿ ತುರುಕಿದರೆ ಇನ್ನೂ ಚೆನ್ನಾಗಿ ಕೇಳುತ್ತಿತ್ತಂತೆ. ಪಕ್ಕಕ್ಕೆ ಸರಿದರೆ ಏನೂ ಇಲ್ಲ! ಮೇಲಧಿಕಾರಿಗೆ ಹೇಳಿದ್ದಕ್ಕೆ ಆತ ಬೆನ್ನು ತಟ್ಟಿ, ರಜೆ ಕೊಟ್ಟು ಊರಿಗೆ ಕಳಿಸಿದನಂತೆ.

ಜಗಲಿಯ ಜನ ಬಿಟ್ಟಾರೆಯೇ? ಎಲ್ಲ ಕೇಳಿಸಿಕೊಂಡು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ, "ಅಲ್ಲಿ ರಮ್ಮು ದಿನಾ ಕೊಡ್ತಿದ್ರೇನ್ರಿ ಯಜಮಾನ್ರೆ?" ಎನ್ನುತ್ತಿದ್ದರು. ಮಾವ ಕೊರಳಲ್ಲಿ ಲಿಂಗ ಕಟ್ಟಿದವರು, ಹನಿ ಮುಟ್ಟಿದವರಲ್ಲ. ಆದರೂ ಊರಿನಲ್ಲಿ ಅವರಿಗೆ 'ಜುಂಯ್ ಮಿಲಿಟರಿ' ಎಂಬ ಹೆಸರು ಖಾಯಂ ಆಯಿತು. ರಾಡಾರಿನ ಅಲೆಗಳು ತಲೆಗೆ ಬಡಿದಾಗ ಒಳಗಿನ ಮಿದುಳು ಕೂದಲೆಳೆಯಷ್ಟು ಬಿಸಿಯೇರಿ, ಆ ಬಿಸಿಗೆ ತಟಕ್ಕನೆ ಹಿಗ್ಗಿ, ಆ ಹಿಗ್ಗುವಿಕೆಯೇ ಒಳಗಿವಿಗೆ ಸದ್ದಾಗಿ ಮುಟ್ಟುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಜಗಲಿಯೂ ಖಾಲಿ, ಮಾವನೂ ಇಲ್ಲ.

ಇರಲಿ. ಜನ ನಕ್ಕರೆಂದು ಮಾವ ಸುಮ್ಮನಾಗುವ ಆಸಾಮಿಯೇ ಅಲ್ಲ! ಒಂದು ಸೌಟಿಗೆ ದಾರ ಕಟ್ಟುವರು, ದಾರದ ಎರಡು ತುದಿಗಳನ್ನು ಎದುರು ಸಿಕ್ಕವರ ಎರಡು ಕಿವಿಗೆ ಒತ್ತಿಸುವರು, ತೂಗುವ ಸೌಟನ್ನು ಬಾಗಿಲಿಗೆ ತಾಗಿಸುವರು. ನಮಗೆಲ್ಲ ಬರೀ 'ಟಣ್'. ದಾರ ಹಿಡಿದವನಿಗೆ ಮಠದ ದೊಡ್ಡ ಗಂಟೆ! ನಾನು ಬೆಳೆದದ್ದು ಅವರ ಮನೆಯಲ್ಲೇ ಆದ್ದರಿಂದ ನನ್ನನ್ನು ನೋಡಲು ಸವಳಂಗದಿಂದ ಗಂಡಿನವರು ಬಂದದ್ದೂ ಅಲ್ಲಿಗೇ. ಮಾವ ಬಂದ ಹುಡುಗನಿಗೆ ನೀರು ಕೊಡುವ ಮೊದಲೇ ದಾರ ಕೊಟ್ಟರು. ನಾನು ಸೀರೆಯುಟ್ಟು, ಉಪ್ಪಿಟ್ಟು ತಂದಿಟ್ಟರೆ ಹುಡುಗ ಕಣ್ಣು ಮುಚ್ಚಿಕೊಂಡು ಗಂಟೆ ಕೇಳುತ್ತ ಕೂತಿದ್ದಾರೆ! ಮದುವೆಯಂತೂ ಆಯಿತು ಅನ್ನಿ. ಆದರೆ ಅವತ್ತಿನಿಂದ ಇವತ್ತಿನವರೆಗೆ ನನ್ನ ಮಾತು ಅವರ ಕಿವಿಗೆ ಬಿದ್ದದ್ದು ಅಷ್ಟರಲ್ಲೇ ಇದೆ.

ಮದುವೆಯಾದ ಮೇಲೆ, ಎಂಬತ್ತರ ಆಸುಪಾಸಿನಲ್ಲಿ ಒಮ್ಮೆ ತವರಿಗೆಂದು ಮಾವನ ಮನೆಗೆ ಬಂದರೆ, ಅವರ ಹುಚ್ಚು ಇನ್ನೊಂದು ಮೆಟ್ಟಿಲು ಏರಿತ್ತು. ಗೋಡೆಯ ಗೂಡಿನಲ್ಲಿ ಟ್ರಾನ್ಸಿಸ್ಟರ್ ರೇಡಿಯೋ. ಅದರ ಮುಳ್ಳು ಯಾವ ಸ್ಟೇಷನ್ನಿಗೂ ತಾಗದೆ ನಡುವೆ ಎಲ್ಲೋ ನಿಂತಿದೆ. ಬೆಳಗಿನಿಂದ ಸಂಜೆಯವರೆಗೆ ಸೊಂಯ್ಯ್ಯ್! ಅದೇ ಹೊತ್ತಿಗೆ ಅತ್ತೆಯ, ಅಂದರೆ ಮಾವನ ಹೆಂಡತಿಯ, ತಮ್ಮನೂ ಜಗಳೂರಿನಿಂದ ಬಂದಿದ್ದ. ಪಾಪ, ಬಹಳ ಒಳ್ಳೆಯವನು. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದ.

"ಭಾವ, ರೇಡಿಯೋ ಕೆಟ್ಟೈತಲ್ರಿ!"

"ಕೆಟ್ಟಿಲ್ಲ ಕಣೋ, ಚೆನ್ನಾಗೈತೆ."

"ವಾರ್ತೆ ಇಲ್ಲ, ಹಾಡಿಲ್ಲ, ಬರೀ ಸೊಂಯ್ ಅಂತೈತೆ!"

"ಅದನ್ನ ಕೇಳಾಕೇ ಹಾಕಿರೋದು."

ಇಂಥವರಿಗೆ ಏನು ಹೇಳುತ್ತೀರಿ? ಮರುದಿನ ಮಾವ ತೋಟಕ್ಕೆ ಹೋದದ್ದೇ ತಡ, ಆತ ರೇಡಿಯೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಿಪೇರಿಗೆಂದು ಚನ್ನಗಿರಿ ಬಸ್ಸು ಹತ್ತಿದ. ಭಾವನಿಗೆ ಉಪಕಾರ ಮಾಡಿ ಬರುವ ಹುಮ್ಮಸ್ಸು!

ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಿಂದ ಗಡಗಡ ಸದ್ದು ಕೇಳಿಸಿತು. ನೋಡಿದರೆ ಅತ್ತೆ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಾರೆ. ಒರಳಿನಲ್ಲಿ ಅಕ್ಕಿಯಿಲ್ಲ, ಕಾಯಿಯಿಲ್ಲ, ನೀರಿನ ಹನಿಯೂ ಇಲ್ಲ. ಬರೀ ಕಲ್ಲಿಗೆ ಕಲ್ಲು. ಕರೆದರೂ ತಿರುಗಲಿಲ್ಲ. ಕಣ್ಣಲ್ಲಿ ನೀರು. ಅಷ್ಟರಲ್ಲಿ ಅತ್ತೆಯ ತಮ್ಮ ಚನ್ನಗಿರಿಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಂಗೆ ಏನೋ ಗಾಳಿ ಸೋಕೈತೆ. ಬಿಡ್ಸೋರ ಹತ್ರ ಇವತ್ತೇ ಕರ್ಕಂಡ್ ಹೋಗಾಣ" ಎಂದ.

ತೋಟದಿಂದ ಆಗತಾನೇ ಬಂದ ಮಾವ ಖಾಲಿ ಗೂಡು ನೋಡಿದರು, ಒರಳು ನೋಡಿದರು. ಹೆಂಡತಿಯ ಪಕ್ಕ ನೆಲಕ್ಕೆ ಕೂತು, ಅವರ ಕೈಯ ಮೇಲೆ ಕೈಯಿಟ್ಟು ತಾವೂ ಆ ರುಬ್ಬುವ ಗುಂಡು ತಿರುಗಿಸತೊಡಗಿದರು! ತಿರುಗಿಸುತ್ತಲೇ ಹೇಳಿದರು:

"ಗಾಳಿಯಿಲ್ಲ ಗೀಳಿಯಿಲ್ಲ ಕಣೋ. ಆಕಿ ಕಿವಿಯಾಗೆ ಹಗಲೂ ರಾತ್ರಿ ಜೀರುಂಡೆ ಕೂಗ್ದಂಗೆ ಕೂಗ್ತೈತೆ. ಹೊರಗೆ ಇಂಥದೊಂದು ಸದ್ದಿದ್ರೆ ಒಳಗಿಂದು ಅದರಾಗೆ ಮುಚ್ಚಿಹೋಗ್ತೈತೆ. ಸುಮ್ಕಿದ್ರೆ ತಡಿಯಾಕೆ ಆಗಲ್ಲ. ಯಾರಿಗೂ ಹೇಳ್ಬ್ಯಾಡ್ರಿ, ಹುಚ್ಚಿ ಅಂತಾರೆ ಅಂದ್ಲು. ಅದಕ್ಕೆ ಹುಚ್ಚ ಅನ್ನಿಸ್ಕಳಾಕೆ ನಾನಿದೀನಲ್ಲ ಅಂದೆ."

"ಡಾಕ್ಟ್ರಿಗೆ ತೋರ್ಸಿದ್ರೇನು?"

"ತೋರ್ಸಿದೆ. ಕಿವಿ ಚೆನ್ನಾಗೈತೆ, ಏನೂ ಇಲ್ಲ ಅಂದ್ರು."

"ಮತ್ತೆ ಐತೆ ಅಂತ ನೀವು ಹೆಂಗೆ ನಂಬಿದ್ರಿ ಭಾವ?"

ಮಾವ ಗುಂಡನ್ನು ಇನ್ನೊಂದು ಸುತ್ತು ತಿರುಗಿಸಿದರು.

"ನನ್ನ ತಲೆಯಾಗಿನ ಸದ್ದಿನ ಕತೆ ಕೇಳಿ ಊರೆಲ್ಲ ನಗಾಡ್ತು. ನೀನೂ ನಕ್ಕೆ. ನಿಮ್ಮಕ್ಕ ಒಬ್ಳೇ, 'ತಲೆ ನೋಯ್ತಿತ್ತೇನ್ರೀ?' ಅಂತ ಕೇಳಿದ್ಲು."

ನಾನು ಅಳು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಆ ಮನೆಯಲ್ಲೇ ಬೆಳೆದವಳು, ನಾನೂ ಆ ಪ್ರಶ್ನೆ ಕೇಳಿದವಳಲ್ಲ.

ಅತ್ತೆಯ ತಮ್ಮ ಟವೆಲ್ ಬಿಚ್ಚಿ ರೇಡಿಯೋವನ್ನು ಗೂಡಿನಲ್ಲಿಟ್ಟ. "ಅಂಗಡಿಯೋನೂ ಅದನ್ನೇ ಅಂದ ಭಾವ, ಏನೂ ಕೆಟ್ಟಿಲ್ಲ ಅಂತ" ಎಂದು ರೇಡಿಯೋದ ಕಿವಿ ಹಿಂಡಿದ. ಯಾವುದೋ ಹಾಡು ಜೋರಾಗಿ ಬಂತು. ಅವನು ಅಕ್ಕನ ಮುಖವನ್ನೇ ನೋಡುತ್ತ ಮುಳ್ಳನ್ನು ಮೆಲ್ಲಗೆ, ಬಲು ಮೆಲ್ಲಗೆ ಸರಿಸತೊಡಗಿದ. ಹಾಡು ಅಳಿಸಿಹೋಯಿತು. ಸೊಂಯ್ ಎಂದಿತು.

"ಇಷ್ಟು ಸಾಕೇನಕ್ಕ?"

ಅತ್ತೆ ತಲೆಯಾಡಿಸಿ ಗುಂಡಿನ ಮೇಲಿನ ಕೈ ಬಿಟ್ಟರು.