ಕೆಂಪು ಬಂಗಾರಕ್ಕೆ ದೃಷ್ಟಿ ತೆಗೆಸಿದ್ದು

ಜೂನ್ 14, ಶನಿವಾರ, ಮಧ್ಯಾಹ್ನ 12.20. ಸಿಂದಗಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬಂಗಾರ ಕೆಂಪಾಯಿತು!

ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದರೆ ಬಂಗಾರ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಡುತ್ತದೆ. ಆ ಕಣಗಳನ್ನು ಸತುವಿನ ಆಕ್ಸೈಡ್ ಎಂಬ ಬಿಳಿ ಅರೆವಾಹಕ ಪುಡಿಗೆ ಅಂಟಿಸಿದರೆ, ಪುಡಿ ಬಿಸಿಲಿನ ಹೆಚ್ಚು ಪಾಲನ್ನು ಬಳಸಿಕೊಂಡು ನೀರಿನಲ್ಲಿ ಬೆರೆತ ನೀಲಿ ಬಣ್ಣವನ್ನು ಬೇಗ ಅಳಿಸಬೇಕು. ಇದೇ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್. ಸೋಮವಾರ ಪ್ರಾಜೆಕ್ಟ್ ನೋಡಿಕೊಳ್ಳುವ ಸರ್ ಎದುರು ತೋರಿಸದಿದ್ದರೆ ವಿಷಯವೇ ರದ್ದು. ಪ್ರಯತ್ನ: ಮೂರು. ಸೋಲು: ಎರಡು. ಮತ್ತೆ ಕಣ ತಯಾರಿಸಲು ಉಳಿದ ಬಂಗಾರದ ಲವಣ: ಸೊನ್ನೆ.

ಇಂಥ ಕೆಂಪು ಬಂಗಾರದ ನೀರಿನ ಸೀಸೆಯನ್ನು ಪ್ರಯೋಗಾಲಯದಲ್ಲೇ ಬಿಟ್ಟು ಬರುವುದು ಬುದ್ಧಿವಂತರ ಲಕ್ಷಣ. ನಾನು ನಮ್ಮೂರು ಯಂಕಂಚಿಗೆ ಒಯ್ದೆ. ಅವ್ವನಿಗೆ ತೋರಿಸಬೇಡವೇ?

ಸಂಜೆಯೊಳಗೆ ನೋಡಿ ಹೋದವರು ಹನ್ನೊಂದು ಜನ. ಪಕ್ಕದ ಮನೆಯ ಗಂಗಕ್ಕನಿಗೆ ಮೂಸಿಯೇ ನೋಡಬೇಕಿತ್ತು. ಮುಚ್ಚಳ ತೆಗೆದೆ.

"ಬಂಗಾರ ಅಂತಿ, ದಾಳಿಂಬರಿ ರಸಾ ಇದ್ದಂಗ ಐತಲ್ಲವಾ! ಎಷ್ಟ ಛಂದ ಐತಿ!"

ಆಕೆ ಹೊಸ್ತಿಲು ದಾಟಿದ್ದೇ ತಡ, ಅವ್ವ ಅಂದಳು: "ಆಕಿ ಕಣ್ಣ ಭಾಳ ಕೆಟ್ಟ. ದೃಷ್ಟಿ ತಗೀಲೇನ?"

ವಿಜ್ಞಾನದ ವಿದ್ಯಾರ್ಥಿನಿಯಾದ ನಾನು ಗಂಭೀರವಾಗಿ ಯೋಚಿಸಿದೆ. ಎರಡು ಸಲ ಸೋತಿದ್ದೆನಲ್ಲ!

"ತಗಿಯವ್ವಾ. ಮೂರ ಸುತ್ತ ತಗಿ."

ಅವ್ವ ಹಿಡಿ ಹರಳುಪ್ಪನ್ನು ಸೀಸೆಗೆ ನಿವಾಳಿಸಿದಳು. ಎರಡು ಹರಳು ಒಳಗೆ ಬಿದ್ದವು. ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು!

5.42: ಕೆಂಪು. 5.43: ನೇರಳೆ. 5.45: ನೀಲಿ.

ಉಪ್ಪು ಸೇರಿದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಬಣ್ಣ ಬದಲಾಗುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಐದಕ್ಕೆ ಐದು ಅಂಕ ಪಡೆದವಳು ನಾನೇ.

"ನೋಡಿದಿ?" ಅವ್ವ ಗೆದ್ದವಳಂತೆ ಹೇಳಿದಳು. "ಎಷ್ಟ ದೃಷ್ಟಿ ಆಗಿತ್ತಂದ್ರ, ನೀಲಿ ಆಗಿ ಹೊರಗ ಬಂತು!"

ನಾನು ಸೋಲೊಪ್ಪಲಿಲ್ಲ. ಸೋಮವಾರ ಅರ್ಧ ಸೀಸೆ ನೀಲಿ ಬಂಗಾರವನ್ನೇ ಬಿಳಿ ಪುಡಿಗೆ ಬೆರೆಸಿ, ಅಳಿಸಬೇಕಾದ ನೀಲಿ ಬಣ್ಣದ ನೀರಿಗೆ ಹಾಕಿ, ಕಾಲೇಜಿನ ಮಾಳಿಗೆಯ ಬಿಸಿಲಿಗಿಟ್ಟೆ. ಹತ್ತು ನಿಮಿಷಕ್ಕೊಮ್ಮೆಯಂತೆ ಒಂಬತ್ತು ಸಲ ಬರೆದುಕೊಂಡೆ. ನೀರಿನ ನೀಲಿ ಅರ್ಧಕ್ಕರ್ಧ ಅಳಿದಿತ್ತು! ಸರ್ ಎದುರೇ ಕುಣಿದುಬಿಟ್ಟೆ.

ಸರ್ ಹೋಲಿಕೆಗೆಂದು ತಾವೇ ಬಿಸಿಲಿಗಿಟ್ಟಿದ್ದ ಪಕ್ಕದ ಸೀಸೆ ಎತ್ತಿದರು. ಅದರಲ್ಲಿ ಅದೇ ನೀಲಿ ನೀರಿಗೆ ಬರೀ ಪುಡಿ, ಬಂಗಾರವಿಲ್ಲ. ನೀಲಿಯ ಸುಳಿವೂ ಇಲ್ಲ!

"ನಿನ್ನ ಬಂಗಾರ ಕೆಲಸಾ ಮಾಡೂದಿರ್ಲಿ, ಮಾಡಾವರಿಗೆ ಅಡ್ಡ ನಿಂತೈತಿ ನೋಡವಾ."

"ಹಂಗಾರ ವಿಷಯ ರದ್ದೇನ್ರಿ ಸರ್?"

"ರದ್ದ್ಯಾಕ? ಪುಡಿ ಛಲೋ ಕೆಲಸಾ ಮಾಡೇತಿ. ವಿಷಯದ ಹೆಸರಿನ್ಯಾಗಿಂದ ಬಂಗಾರ ಅಷ್ಟ ತಗದ್ಹಾಕು."

ತೆಗೆದುಹಾಕಿದೆ. ಪ್ರಾಜೆಕ್ಟ್ ಉಳಿಯಿತು. ಉಳಿಸಿದ್ದು ನಾನು ಮುಟ್ಟದ ಸೀಸೆ.

ಉಳಿದರ್ಧ ನೀಲಿಯನ್ನು ಮಾತ್ರ ಚೆಲ್ಲಿಲ್ಲ, ಚೆಲ್ಲುವುದೂ ಇಲ್ಲ. ಗುಂಪಾದ ಕಣಗಳನ್ನು ಮತ್ತೆ ಬಿಡಿಸುವ ದಾರಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಆದಷ್ಟು ಚಿಕ್ಕದಾಗಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದಿದ್ದು ನನಗೆ ಸಮಯಕ್ಕೆ ನೆನಪಾಗುವುದಿಲ್ಲ.