ಖಾಲಿ ತೊಟ್ಟಿಲ ಪ್ರಕರಣ

ನೀಲಾಂಬಿಕೆಗೆ ಕಾಡಿನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಕಾಡು ಕಾಡಿನಲ್ಲಿರಲಿ, ತಾನು ಬೆಳಗಾವಿಯ ಹಿಂದವಾಡಿಯಲ್ಲಿರುತ್ತೇನೆ, ಒಬ್ಬರ ತಂಟೆಗೆ ಒಬ್ಬರು ಹೋಗುವುದು ಬೇಡ ಎಂಬುದಷ್ಟೇ ಅವಳ ವಾದ. ಈ ಶಾಂತಿ ಒಪ್ಪಂದವನ್ನು ಮುರಿದವನು ಅವಳ ಗಂಡ ಈರಣ್ಣ. ಒಂದು ಗುರುವಾರ ಸಂಜೆ ವಿಮಾ ಕಚೇರಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಘೋಷಿಸಿದ:

"ನೀಲಾ, ಶನಿವಾರ-ರವಿವಾರಕ್ಕ ಖಾನಾಪುರದ ಆಚೆ ಅಡವ್ಯಾಗಿನ ಬಂಗ್ಲೆ ಸಿಕ್ಕೈತಿ! ನಾವು, ವಹಾಬ, ಬಿಲ್ಕೀಸ ವೈನಿ. ಎರಡು ದಿನ ಆರಾಮ!"

"ಆರಾಮ ಯಾರಿಗೆ? ಅಲ್ಲಿ ಹುಲಿ ಇರತಾವ್ರೀ."

"ನೀ ಬರಾಕತ್ತಿ ಅಂತ ಗೊತ್ತಾದ್ರ ಲೋಂಡಾ ದಾಟಿ ಗೋವಾಕ್ಕ ಓಡತಾವ, ಬಿಡ."

"ಸೊಳ್ಳಿ? ಹಾವು? ನೀರು? ಅಕ್ಕವ್ವನ ಗತಿ ಏನು?"

ಈ ಅಕ್ಕವ್ವನಿಗೆ ಹತ್ತು ತಿಂಗಳು ವಯಸ್ಸು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತ ನೀಲಾಂಬಿಕೆ ಮಗಳಿಗೆ ಶರ್ಮಿಳಾ ಎಂದು ಹೆಸರಿಡುವ ಕನಸು ಕಂಡಿದ್ದಳು. ಆದರೆ ಅತ್ತೆ ಶಿವಬಸವ್ವನವರು "ನಮ್ಮ ಅತ್ತಿಯವರ ಹೆಸರು ಮನ್ಯಾಗ ಉಳೀಬೇಕು" ಎಂದು ಪಟ್ಟು ಹಿಡಿದು ಕುಳಿತರು. ಹೀಗಾಗಿ ಹಲ್ಲು ಬಾರದ ಕೂಸಿಗೆ ಹಲ್ಲು ಉದುರಿದ ಹೆಸರು ಬಿತ್ತು. (ಓದುಗರು ಈ ಹೆಸರನ್ನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.)

ಹೆಸರಿನಲ್ಲಿ ಸೋತ ನೀಲಾಂಬಿಕೆ ಪಾಲನೆಯಲ್ಲಿ ಸೋಲಲು ಸಿದ್ಧಳಿರಲಿಲ್ಲ. ಅವಳ ಬಳಿ ಇಂಗ್ಲಿಷಿನ ಶಿಶುಪಾಲನೆಯ ದಪ್ಪ ಪುಸ್ತಕವೊಂದಿತ್ತು. ಅದರ ಅಪ್ಪಣೆಯಂತೆ ನೀರು ಇಪ್ಪತ್ತು ನಿಮಿಷ ಕುದಿಯಬೇಕು, ಚಮಚ ಹತ್ತು ನಿಮಿಷ ಕುದಿಯಬೇಕು. (ಇದನ್ನೆಲ್ಲ ನೋಡಿ ಅತ್ತೆ ದಿನವಿಡೀ ಕುದಿಯುತ್ತಿದ್ದರು.) ಕೂಸಿಗೆ ಹೊರಗಿನ ಒಂದು ಅಗುಳೂ ನಿಷಿದ್ಧ. ಅಕ್ಕಿ, ಹೆಸರುಬೇಳೆ ಹುರಿದು ಬೀಸಿದ ಹಿಟ್ಟಿನ ಗಂಜಿಯೊಂದೇ ಆಹಾರ. ಅದರಲ್ಲಿ ಉಪ್ಪಿಲ್ಲ, ಬೆಲ್ಲವಿಲ್ಲ, ರುಚಿಯ ಮಾತಂತೂ ಇಲ್ಲವೇ ಇಲ್ಲ. ಅಕ್ಕವ್ವ ಎರಡು ಚಮಚ ಹೇಗೋ ನುಂಗಿ, ಮೂರನೆಯದಕ್ಕೆ ತುಟಿಯನ್ನು ತಿಜೋರಿಯಂತೆ ಮುಚ್ಚಿಬಿಡುತ್ತಿದ್ದಳು. ಗಿಲಕಿ, ಹಾಡು, ಗಂಡನ ಕೋತಿಕುಣಿತ ಯಾವುದಕ್ಕೂ ಆ ತಿಜೋರಿ ತೆರೆಯುತ್ತಿರಲಿಲ್ಲ. ಕೂಸು ಸೊರಗುತ್ತಿದೆಯೆಂಬ ಚಿಂತೆಯಲ್ಲಿ ತಾಯಿ ಅದಕ್ಕಿಂತ ಹೆಚ್ಚು ಸೊರಗಿದ್ದಳು.

ಅಂತೂ ಶನಿವಾರ ಹೊರಟರು. ಈರಣ್ಣನ ಸಾಮಾನು ಒಂದು ಟವೆಲ್. ನೀಲಾಂಬಿಕೆಯ ಸಾಮಾನು ಕುದಿಸಿದ ನೀರಿನ ಎರಡು ಕ್ಯಾನ್, ಸ್ಟೋ, ಥರ್ಮಾಮೀಟರ್, ಗ್ರೈಪ್ ವಾಟರ್, ಹಿಟ್ಟಿನ ಡಬ್ಬಿ, ತನಗೆಂದು ಒಂದು ದಿನದ ರೊಟ್ಟಿ, ಮತ್ತು ಪುಸ್ತಕ.

ಖಾನಾಪುರದ ಸ್ಟೇಷನ್ನಿನ ಎದುರಿನ ಸಣ್ಣ ಹೋಟೆಲಿನಲ್ಲಿ ಈರಣ್ಣನೂ ಅವನ ಕಚೇರಿಯ ಗೆಳೆಯ ವಹಾಬನೂ ಪುರಿ-ಬಾಜಿಯ ಮೇಲೆ ದಂಡೆತ್ತಿ ಹೋದರು. ಹಿಂದಿನಿಂದ ಬಿಸಿ ಭಜಿ ಬಂತು, ಅದರ ಹಿಂದೆ ಕುಂದಾ. ನೀಲಾಂಬಿಕೆ ಮೂಗಿಗೆ ಸೆರಗು ಹಿಡಿದು ಕುಳಿತಳು. ಹೊಲಸಿನ ಭಯಕ್ಕಲ್ಲ, ಆ ವಾಸನೆಗೆ ಬಾಯಲ್ಲಿ ನೀರೂರಿದ್ದು ಯಾರಿಗೂ ಕಾಣಬಾರದಲ್ಲ!

"ವೈನಿ, ಒಂದ ಭಜಿ ತಗೋರಿ. ಜೀವಾ ಹೋಗಂಗಿಲ್ಲ," ಎಂದ ವಹಾಬ. "ಹೋದ್ರೂ ಖುಷಿಲೇ ಹೋಗತೈತಿ."

"ನಾ ತಿಂದದ್ದು ಕೂಸಿಗೆ ಮುಟ್ಟತೈತ್ರಿ."

"ಮುಟ್ಟಲೇಳವಾ, ಪಾಪ," ಎಂದಳು ಅವನ ಹೆಂಡತಿ ಬಿಲ್ಕೀಸ. "ಅದಕ್ಕೂ ಒಂದೀಟು ರುಚಿ ಗೊತ್ತಾಗಲಿ."

ಬಂಗ್ಲೆ ಗುಡ್ಡದ ಓರೆಯಲ್ಲಿತ್ತು. ಹಂಚಿನ ಮಾಡು, ಉದ್ದನ್ನ ಪಡಸಾಲೆ, ಹಿಂದಿನಿಂದ ನಲವತ್ತು ಮೆಟ್ಟಿಲು ಇಳಿದರೆ ಭೋರ್ಗರೆಯುವ ಹಳ್ಳ. ಹಳ್ಳದ ದಂಡೆಗೆ ಕಾವಲುಗಾರ ಸಾತಪ್ಪನ ಮನೆ. ಅವನ ಹೆಂಡತಿ ತಾನೂಬಾಯಿಗೆ ಮರಾಠಿಯೇ ಮಾತೃಭಾಷೆ, ಮರಾಠಿಯೇ ರಾಷ್ಟ್ರಭಾಷೆ. ನೀಲಾಂಬಿಕೆಗೋ ಬೆಳಗಾವಿಗೆ ಬಂದ ಎರಡು ವರ್ಷದಲ್ಲಿ ಕಾಯಿಪಲ್ಯ ಕೊಳ್ಳುವಷ್ಟು ಮರಾಠಿ ಬಂದಿತ್ತು. ವಿಜಾಪುರದ ತವರಿನ ಬಿಲ್ಕೀಸಳಿಗೆ ಅಷ್ಟೂ ಇಲ್ಲ. ತಾನೂಬಾಯಿ ಕೂಸನ್ನು ಕಂಡವಳೇ ಬಿದಿರು ಬುಟ್ಟಿಯ ತೊಟ್ಟಿಲೊಂದನ್ನು ತಂದು ಪಡಸಾಲೆಯ ತೊಲೆಗೆ ಕಟ್ಟಿ, "ಪಾಳಣಾ!" ಎಂದು ಹೆಮ್ಮೆಯಿಂದ ತೂಗಿ ತೋರಿಸಿದಳು. ನೀಲಾಂಬಿಕೆಯ ಮರಾಠಿ ಭಂಡಾರಕ್ಕೆ ಪಾಳಣಾ ಎಂದರೆ ತೊಟ್ಟಿಲು ಎಂಬ ಮಾತೊಂದು ಸೇರಿತು. ಅವಳ ಕಣ್ಣು ಮಾತ್ರ ಮೇಲಕ್ಕೆ ಹೋಯಿತು.

"ರೀ, ಹಂಚಿನ ಸಂದ್ಯಾಗಿಂದ ಹಾವು ತೊಟ್ಟಿಲದಾಗ ಬಿದ್ರ?"

ಈರಣ್ಣ ನಗುತ್ತ ಅದನ್ನು ಮರಾಠಿಗೆ ತರ್ಜುಮೆ ಮಾಡಿದ. ತಾನೂಬಾಯಿ ನಗಲಿಲ್ಲ. ಮಾಡನ್ನೊಮ್ಮೆ, ಕೂಸನ್ನೊಮ್ಮೆ ನೋಡಿ ಗಂಭೀರವಾಗಿ ತಲೆಯಾಡಿಸಿದಳು.

ರವಿವಾರ ಬೆಳಿಗ್ಗೆ ಗಂಡಸರಿಬ್ಬರೂ ಜೇನು ನೋಡುವ ನೆಪ ಹೇಳಿ ಮಾಯವಾದರು. ಬಿಲ್ಕೀಸ ಅಡಿಗೆಮನೆಯಲ್ಲಿ ಚಹಾಕ್ಕೆಂದು ಹಸಿ ಕಟ್ಟಿಗೆಯ ಹೊಗೆಯೊಡನೆ ಕುಸ್ತಿಗಿಳಿದಿದ್ದಳು. ನೀಲಾಂಬಿಕೆ ಕೂಸಿಗೆ ಎಣ್ಣೆ ಹಚ್ಚಿ, ಲಂಗೋಟಿ ಕಟ್ಟಿ, ತೊಟ್ಟಿಲಲ್ಲಿ ಮಲಗಿಸಿ, ತಾನೂಬಾಯಿಗೆ ಕೈಸನ್ನೆಯಲ್ಲಿ "ನೋಡಕೋ" ಎಂದು ಹೇಳಿ ಬಚ್ಚಲಿಗೆ ಹೋದಳು. ತಲೆಗೆ ನೀರೆರೆದುಕೊಂಡು ಮುಖಕ್ಕೆ ಸಾಬೂನು ಹಚ್ಚುವ ಹೊತ್ತಿಗೆ ಕೂಸಿನ ನೆನಪಾಯಿತು. ಒಳಗಿನಿಂದಲೇ ಕೂಗಿದಳು:

"ತಾನೂಬಾಯೀ! ಕೂಸು ಮಲಗೈತೇನು? ಪಾಳಣಾ ನೋಡಿದಿ?"

ಹೊರಗಿನಿಂದ ನಿಶ್ಚಿಂತ ಸ್ವರದಲ್ಲಿ ಉತ್ತರ ಬಂತು:

"ಪಾಳಣಾ ಖಾಲಿ ಹಾಯ, ಬಾಯೀ!"

ತೊಟ್ಟಿಲು ಖಾಲಿ!

ನೀಲಾಂಬಿಕೆ ಸೀರೆಯನ್ನು ಹೇಗೆ ಸುತ್ತಿಕೊಂಡಳೋ ಆ ಸೀರೆಗೇ ಗೊತ್ತಿಲ್ಲ. ಒಂದು ಕಿವಿಯಲ್ಲಿ ಸಾಬೂನಿನ ನೊರೆ ಹೊತ್ತು ಪಡಸಾಲೆಗೆ ಬಂದರೆ ತೊಟ್ಟಿಲು ಖಾಲಿಯಾಗಿರುವ ಮಾತು ಒತ್ತಟ್ಟಿಗಿರಲಿ, ತೊಟ್ಟಿಲೇ ಇಲ್ಲ! ತೊಲೆಯಿಂದ ಹಗ್ಗವೊಂದು ಸುಮ್ಮನೆ ಜೋತಾಡುತ್ತಿತ್ತು. 

"ಎಲ್ಲಿ? ನನ್ನ ಕೂಸು ಎಲ್ಲಿ?"

ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತಿದ್ದ ತಾನೂಬಾಯಿ, "ಖಾಲಿ, ಬಾಯೀ, ಖಾಲಿ!" ಎಂದು ಗದ್ದ ಎತ್ತಿ ಗುಡ್ಡದ ಓರೆಯ ಕಡೆ ತೋರಿಸಿದಳು. ಅಲ್ಲಿ ಕಂಡದ್ದು ಬರೀ ಕಾಡು.

ಹೊಗೆಯಿಂದ ಕಣ್ಣು ಕೆಂಪಗಾದ ಬಿಲ್ಕೀಸ ಓಡಿ ಬಂದಳು. "ಏನಂತಾಳ ಇಕಿ?"

"ಖಾಲಿ ಅಂತಾಳ ಅಕ್ಕಾ!"

"ಯಾ ಅಲ್ಲಾ! ನಮ್ಮ ಮಾತಿನ್ಯಾಗೂ ಖಾಲೀ ಅಂದ್ರ ಖಾಲೀನ ನೋಡವಾ!"

ಎರಡು ಭಾಷೆಗಳು ಒಂದೇ ಸಾಕ್ಷಿ ಹೇಳಿದ ಮೇಲೆ ಮೂರನೆಯದನ್ನು ವಿಚಾರಿಸುವವರು ಯಾರು? ಇಬ್ಬರೂ ಮುಂಬಾಗಿಲಿನಿಂದ ರಸ್ತೆಗೆ ಓಡಿದರು. ಕಟ್ಟಿಗೆ ಕಡಿಯುವ ಆಳುಗಳ ಗುಂಪೊಂದು ಬರುತ್ತಿತ್ತು. ಮುಂದೆ ಅವರ ಮುಕಾದಮ ಕರೆಪ್ಪ, ಬೈಲಹೊಂಗಲ ಕಡೆಯ ಕನ್ನಡದ ಮನುಷ್ಯ. ನೀಲಾಂಬಿಕೆ ಕೈಮುಗಿದು ಚೀರಿದಳು:

"ಅಣ್ಣಾರ, ನಮ್ಮ ಅಕ್ಕವ್ವ ಕಳದಾಳ್ರೀ! ಹುಡುಕಿ ಕೊಡ್ರಿ!"

ಕರೆಪ್ಪ ರುಮಾಲು ಬಿಚ್ಚಿ ಹೆಗಲಿಗೆ ಹಾಕಿದ. "ಗಾಬ್ರಿ ಆಗಬ್ಯಾಡ್ರಿ, ತಾಯಿ. ಗುರುತು ಹೇಳ್ರಿ. ಹಲ್ಲು ಅದಾವೇನು?"

"ಎರಡ ಅದಾವ, ಕೆಳಗ."

"ಪಾಪ! ತಲಿಗೂದಲು?"

"ಅಲ್ಲೊಂದು ಇಲ್ಲೊಂದು ಎಳಿ."

"ನಡೀತಾರೇನು?"

"ಗ್ವಾಡಿ ಹಿಡಕೊಂಡು ಎರಡ ಹೆಜ್ಜಿ. ಆಮ್ಯಾಲೆ ಕುಂತಬಿಡತಾಳ."

"ಮಾತು?"

"ಒಂದೂ ತಿಳಿಯೂದಿಲ್ರಿ. ಬರೇ ಜೊಲ್ಲು."

ಕರೆಪ್ಪನ ಕಣ್ಣಲ್ಲಿ ನೀರಾಡಿತು. ಅವನಿಗೆ ತನ್ನ ಅಜ್ಜಿಯ ನೆನಪಾಗಿರಬೇಕು. "ಮೈಮ್ಯಾಲೆ ಏನು ಉಟ್ಟಿದ್ರು?"

"ಏನೂ ಇಲ್ರಿ, ಎಣ್ಣಿ ಹಚ್ಚಿದ್ದೆ. ಒಂದು ಲಂಗೋಟಿ ಅಷ್ಟ."

"ಶಿವ ಶಿವಾ!" ಕರೆಪ್ಪ ಕಣ್ಣು ಮುಚ್ಚಿಕೊಂಡ. "ವಯಸ್ಸಿನ ಧರ್ಮ, ತಾಯಿ, ವಯಸ್ಸಿನ ಧರ್ಮ. ಏ, ಒಂದು ಕಂಬಳಿ ತಗೋರ್ಯೋ! ಮದಲ ಮುಚ್ಚೂಣು, ಆಮ್ಯಾಲೆ ಮಾತಾಡೂಣು!"

ಹತ್ತು ಮಂದಿ "ಅಕ್ಕವ್ವಾರ! ಓ ಅಕ್ಕವ್ವಾರ!" ಎಂದು ಬಹುವಚನದಲ್ಲಿ ಕೂಗುತ್ತ ಕಾಡು ಹೊಕ್ಕರು. ಇಷ್ಟರಲ್ಲಿ ಕೊಡಗಳನ್ನಿಳಿಸಿ ಬಂದ ತಾನೂಬಾಯಿ ಈ ಇಬ್ಬರು ಹೆಂಗಸರಿಗೂ ಬುದ್ಧಿಭ್ರಮಣೆಯಾಗಿದೆಯೆಂದು ತೀರ್ಮಾನಿಸಿ, ನೀಲಾಂಬಿಕೆಯ ರಟ್ಟೆ ಹಿಡಿದು ಹಿಂದಿನ ಮೆಟ್ಟಿಲುಗಳನ್ನು ದರದರ ಇಳಿಸಿಕೊಂಡು ಹೋದಳು. ಬಿಲ್ಕೀಸ ಹಿಂದೆಯೇ ಓಡಿದಳು.

ಕೆಳಗೆ ಹಲಸಿನ ಮರದ ನೆರಳಿಗೆ ತೊಟ್ಟಿಲು ತೂಗುತ್ತಿತ್ತು. ಅದರ ಬಾಜು ಚಾಪೆಯ ಮೇಲೆ ಈರಣ್ಣ, ವಹಾಬ, ಸಾತಪ್ಪ. ಅವರ ಮುಂದೆ ಒಂದು ಬುಟ್ಟಿ ಅಕ್ಕಿ ಭಕ್ಕರಿ (ಅಂದರೆ ರೊಟ್ಟಿ), ಕೆಸುವಿನೆಲೆಯ ವಡಿ, ಕೋಕಮ್ಮಿನ ಸಾರು. (ಜೇನು ಎಲ್ಲಿಯೂ ಇರಲಿಲ್ಲ.) ವಹಾಬನ ತೊಡೆಯ ಮೇಲೆ ಲಂಗೋಟಿಧಾರಿಣಿ ಅಕ್ಕವ್ವ, ಮೂಗಿನಿಂದ ಮೊಣಕೈವರೆಗೆ ಅಕ್ಕಿಯ ಪೇಜವೆಂಬ ಉಪ್ಪುಗಂಜಿ ಬಳಿದುಕೊಂಡು, ಇನ್ನೂ ಬೇಕೆಂದು ಬಟ್ಟಲನ್ನು ಬಡಿಯುತ್ತಿದ್ದಳು.

ನೀಲಾಂಬಿಕೆ ಕೂಸನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಗಂಡನ ಕಡೆ ತಿರುಗಿದಳು. ಅತ್ತದ್ದಕ್ಕಿಂತ ಇದು ಜೋರಾಗಿತ್ತು.

"ಕೂಸು ಕಳದು ನಾ ಸಾಯಾಕತ್ತೀನಿ, ನೀವು ಇಲ್ಲಿ ವಡಿ ತಿನ್ನಾಕತ್ತೀರಿ! ತೊಟ್ಟಿಲಾ ಖಾಲಿ ಅಂದ್ಲು ಇಕಿ!"

ಈರಣ್ಣ ಕೈಯಲ್ಲಿದ್ದ ವಡಿಯನ್ನು ಕೆಳಗಿಡದೆ ಕೇಳಿಸಿಕೊಂಡ. ನಂತರ ಚಾಪೆಯ ಮೇಲೆ ಉರುಳಾಡಿ ನಕ್ಕ. "ಏ ಹುಚ್ಚೀ, ಮರಾಠಿನ್ಯಾಗ ಖಾಲಿ ಅಂದ್ರ ಕೆಳಗ! ತೊಟ್ಟಿಲಾ ಕೆಳಗ ಐತಿ ಅಂದಾಳ. ಹಂಚಿನ್ಯಾಗಿಂದ ಹಾವು ಬೀಳತೈತಿ ಅಂದಾಕಿ ನೀನ ಅಲ್ಲೇನು? ಅದಕ್ಕ ಪಾಪ, ಬುಟ್ಟಿ ತಲೀಮ್ಯಾಲೆ ಹೊತ್ತು ನಲವತ್ತು ಮೆಟ್ಟಲಾ ಇಳಿಸ್ಯಾಳ!"

ನೀಲಾಂಬಿಕೆ ಬಿಲ್ಕೀಸಳನ್ನು ನೋಡಿದಳು. ಬಿಲ್ಕೀಸ ಅವಳ ಕಿವಿಯ ನೊರೆಯನ್ನು ನೋಡಿದಳು. ಇಬ್ಬರಿಗೂ ಒಮ್ಮೆಗೇ ನಗು ಒಡೆಯಿತು.

ಆ ನಗು ಮುಗಿದಿರಲಿಲ್ಲ, ಮೇಲಿನಿಂದ ಜಯಕಾರ ಕೇಳಿಸಿತು. "ಸಿಕ್ರು! ಅಕ್ಕವ್ವಾರು ಸಿಕ್ರು!" ಕರೆಪ್ಪನ ಮಂದಿ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿದ ಒಬ್ಬ ಮುದುಕಿಯನ್ನು ಕೈಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

"ತಗೋರಿ ತಾಯಿ, ನಿಮ್ಮ ಅಕ್ಕವ್ವಾರು! ಹೆಸರು ಕರದ್ವಿ, 'ಓ' ಅಂದ್ರು. ಪುಣ್ಯಾ ಅನ್ರಿ, ಯಾರೋ ದಾರ್ಯಾಗ ಸೀರಿ ಉಡಿಸ್ಯಾರ!"

ಮುದುಕಿ ಕಂಬಳಿಯಿಂದ ಮುಖ ಹೊರಹಾಕಿದಳು. ಹಲ್ಲು ಲೆಕ್ಕಕ್ಕೆ ಸರಿಯಾಗಿ ಎರಡೇ, ಕೆಳಗೆ. "ಮಗಳ ಮನಿಗೆ ಹೊಂಟಿದ್ನಿ, ನಮ್ಮವ್ವಾ. ಹತ್ತ ಮಂದಿ ನನ್ನ ಹೆಸರ ಹಿಡದು ಅಕ್ಕವ್ವಾರ ಅಕ್ಕವ್ವಾರ ಅಂತ ಕರದ್ರು. ಯಾರೋ ಪುಣ್ಯವಂತರು ಊಟಕ್ಕ ಕರ್ಯಾಕತ್ಯಾರ ಅನಕೊಂಡ್ನಿ. ಎಲ್ಲಿ ಐತಿ ಊಟ?"

ಕರೆದದ್ದು ಖರೇ. ಕರೆಸಿಕೊಂಡವರಿಗೆ, ಹುಡುಕಿದವರಿಗೆ ಉಣ್ಣಿಸದೆ ಕಳಿಸುವುದುಂಟೇ? ತಾನೂಬಾಯಿ ಎಲ್ಲರಿಗೂ ಎಲೆ ಹಾಕಿದಳು.

ನೀಲಾಂಬಿಕೆ ಮಾತ್ರ ಕೂಸನ್ನೆತ್ತಿಕೊಂಡು ಮೇಲೆ ಬಂದಳು. ಕುದಿಸಿದ ನೀರಿನಿಂದ ಅದರ ಬಾಯನ್ನು ಮೂರು ಸಲ ತೊಳೆದಳು. ಥರ್ಮಾಮೀಟರ್ ಇಟ್ಟು ನೋಡಿದಳು. ಜ್ವರವಿಲ್ಲ. ಪುಸ್ತಕ ತೆಗೆದು ನೋಡಿದಳು. ಪೇಜದ ಸುದ್ದಿಯೇ ಇಲ್ಲ. ತುಂಬಿದ ಹೊಟ್ಟೆಯ ಅಕ್ಕವ್ವ ಹಠವಿಲ್ಲದೆ ಮಲಗಿಬಿಟ್ಟಳು, ಹುಟ್ಟಿದ ಮೇಲೆ ಇದೇ ಮೊದಲು. ಕಿಟಕಿಯಿಂದ ವಡಿಯ ವಾಸನೆ ಬಂತು. ತಂದ ರೊಟ್ಟಿ ನಿನ್ನೆಯೇ ಮುಗಿದಿತ್ತು. ಪುಸ್ತಕ ಮುಚ್ಚಿದಳು. 'ಹಾಳಾಗಿ ಹೋಗಲಿ, ನಾನೂ ಉಣ್ಣತೇನಿ!' ಎಂದುಕೊಂಡು ಬಿಲ್ಕೀಸಳನ್ನು ಕೂಗಿ ಕೂಸಿನ ಕಾವಲಿಗೆ ಕೂರಿಸಿದಳು. ಮೆಟ್ಟಿಲ ತಲೆಗೆ ನಿಂತು ಕೇಳಿದಳು:

"ತಾನೂಬಾಯೀ! ಭಕ್ಕರಿ?"

"ಖಾಲಿ, ಬಾಯೀ, ಖಾಲಿ!"

ಆಹಾ! ಈಗ ಯಾರೂ ತರ್ಜುಮೆ ಮಾಡಬೇಕಾಗಿರಲಿಲ್ಲ. ಮರಾಠಿ ಪಂಡಿತೆಯ ಗತ್ತಿನಲ್ಲಿ ನೀಲಾಂಬಿಕೆ ನಲವತ್ತು ಮೆಟ್ಟಿಲನ್ನೂ ಹಾರುತ್ತ ಇಳಿದಳು. ಭಕ್ಕರಿ ಬುಟ್ಟಿಯ ಮುಚ್ಚಳ ತೆಗೆದಳು. ಒಳಗೆ ಒಂದು ಒದ್ದೆ ಬಟ್ಟೆ. ವಡಿಯ ತಾಟಿನಲ್ಲಿ ಎಣ್ಣೆಯ ಗುರುತು. ಕೊನೆಯ ಭಕ್ಕರಿಯ ಕೊನೆಯ ಚೂರನ್ನು ಹಿರಿಯ ಅಕ್ಕವ್ವ ಎರಡು ಹಲ್ಲುಗಳಿಂದ ಶಾಂತವಾಗಿ ಜಯಿಸುತ್ತಿದ್ದಳು.

ತಾನೂಬಾಯಿ ಗಲ್ಲಕ್ಕೆ ಕೈಹಚ್ಚಿ ಈರಣ್ಣನಿಗೆ ಏನೋ ಹೇಳಿದಳು. ಅವನು ನಗು ತಡೆಯುತ್ತ ತಿಳಿಸಿದ: "ನಿನಗ ಮರಾಠಿ ತಿಳಿಯೂದಿಲ್ಲಲಾ ಅಂತ ಈ ಸರತಿ ಕನ್ನಡದಾಗ ಹೇಳಿದ್ಲಂತ!"

ನೀಲಾಂಬಿಕೆ ನಲವತ್ತು ಮೆಟ್ಟಿಲು ಹತ್ತಿದಳು. ಬಂಗ್ಲೆಯಲ್ಲಿ ತಿನ್ನಲು ಉಳಿದಿದ್ದದ್ದು ಒಂದೇ ಡಬ್ಬಿ. ಸ್ಟೋ ಹಚ್ಚಿದಳು, ಕುದಿಸಿದ ನೀರನ್ನು ಮತ್ತೆ ಕುದಿಸಿದಳು, ಹಿಟ್ಟು ಕಲಸಿದಳು. ಹತ್ತು ತಿಂಗಳ ಅಕ್ಕವ್ವ ಎಚ್ಚೆತ್ತು, ಬಿಲ್ಕೀಸಳ ತೊಡೆಯ ಮೇಲೆ ಕುಳಿತು, ಆಸಕ್ತಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಮೊದಲ ಚಮಚ ಹೇಗೋ ಇಳಿಯಿತು. ಎರಡನೆಯದನ್ನು ಕಣ್ಣು ಮುಚ್ಚಿ ನುಂಗಿದಳು. ಮೂರನೆಯದು ಬಾಯಿಯ ಹತ್ತಿರ ಬರುತ್ತಿದ್ದಂತೆ ನೀಲಾಂಬಿಕೆಯ ತುಟಿಗಳು ತಾವಾಗಿಯೇ ತಿಜೋರಿಯಂತೆ ಮುಚ್ಚಿಕೊಂಡವು.

ಕೂಸು ಎರಡೂ ಹಲ್ಲು ತೋರಿಸಿ ಕೇಕೆ ಹಾಕಿತು. ಆಮೇಲೆ ಬಿಲ್ಕೀಸಳ ತೊಡೆಯಿಂದ ಜಾರಿ, ಅಂಬೆಗಾಲಿಟ್ಟು ಬಂದು, ತನ್ನ ಗಿಲಕಿಯನ್ನು ಎತ್ತಿ ತಾಯಿಯ ಮುಖದ ಮುಂದೆ ಆಡಿಸತೊಡಗಿತು.