ಬಯೂಮಿ ಕೂಗಿದ ಹರಾಜು

ಬಯೂಮಿಯ ಕಾಯಿಲೆಗೆ ಒಂದು ಹೆಸರಿತ್ತು. ಆದರೆ ಅಲೆಕ್ಸಾಂಡ್ರಿಯಾದ ಕಡಲಂಚಿನ ಆ ಓಣಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೆಸರು ಹಿಡಿದರೆ, ತನ್ನನ್ನೇ ಕರೆದರೆಂದು ಅದು ಕರೆದವರ ಮನೆಗೂ ಬಂದು ಕೂತುಬಿಡುತ್ತದೆ ಎಂಬುದು ಎಲ್ಲರ ಭಯ. ಹಾಗಾಗಿ ಅದು ಬರೀ "ಅದು" ಆಗಿತ್ತು. ಹೆಂಡತಿ ನೇಮತ್ "ಆ ಹಾಳಾದ್ದು" ಎನ್ನುತ್ತಿದ್ದಳು. ಪಕ್ಕದ ಮನೆಯ ಅತಿಯ್ಯಾತ್ ಅಷ್ಟೂ ಹೇಳುತ್ತಿರಲಿಲ್ಲ. ಎದೆಯ ಕಡೆ ಬೆರಳು ತೋರಿಸಿ, ಆಮೇಲೆ ಆ ಬೆರಳನ್ನೇ ಗೋಡೆಗೆ ಒರೆಸಿಬಿಡುತ್ತಿದ್ದಳು.

ಬಯೂಮಿ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಒಂದು ಕಾಲದಲ್ಲಿ ಅವನು ಸೀಗಡಿಯ ಬೆಲೆ ಕೂಗಿದರೆ ದೋಣಿಯಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು, ಊರಿನ ಬೆಕ್ಕುಗಳು ಮೆರವಣಿಗೆ ಹೊರಡುತ್ತಿದ್ದವು. ಈಗ ತೂತು ಬಿದ್ದ ತಿದಿಯಂತೆ ಬರೀ ಗಾಳಿ. ಕೂಗಲಾರದವನಿಗೆ ಹರಾಜಿನ ಕಟ್ಟೆಯಲ್ಲಿ ಏನು ಕೆಲಸ? ದುಡಿಯಲಾಗದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಪಿಂಚಣಿಯೊಂದೇ ಇನ್ನು ಮನೆಗೆ ಆಧಾರ. ಅದಕ್ಕಾಗಿ ಇವತ್ತು ಅವನು ಸರ್ಕಾರಿ ವೈದ್ಯರ ಮುಂದೆ ಹಾಜರಾಗಬೇಕಿತ್ತು.

ಬೆಳಗಾಗುತ್ತಲೇ ಅತಿಯ್ಯಾತ್ ಸತ್ತುಹೋದ ತನ್ನ ಗಂಡನ ನಿಲುವಂಗಿ ಹಿಡಿದು ಬಂದಳು. "ಇದನ್ನ ಹಾಕ್ಕೋ ಬಯೂಮಿ. ನಿನ್ನಂಥೋರು ಇಬ್ಬರು ಹಿಡಿಸ್ತಾರೆ. ನೋಡಿದ ತಕ್ಷಣ ಡಾಕ್ಟರಿಗೆ ಅಯ್ಯೋ ಅನ್ನಿಸ್ಬೇಕು."

ಅಷ್ಟರಲ್ಲಿ ಎದುರಂಗಡಿಯ ಕ್ಷೌರಿಕ ಅನ್ವರ್ ಕತ್ತರಿ ಸಮೇತ ಒಳಗೆ ನುಗ್ಗಿದ. "ದೊಡ್ಡ ಮನುಷ್ಯರ ಮುಂದೆ ಈ ಮುಖ ಹೊತ್ಕೊಂಡು ಹೋಗ್ತೀಯಾ? ಓಣಿಯ ಮಾನ ಏನಾಗ್ಬೇಕು?" ಎಂದವನೇ ಗಡ್ಡ ಬೋಳಿಸಿ, ಮೀಸೆಗೆ ಕಪ್ಪು ಬಳಿದು, ಕೆನ್ನೆಗೆ ಅತ್ತರಿನ ನೀರು ತಟ್ಟಿದ. ಕೆನ್ನೆ ಸೇಬಿನಂತೆ ಕೆಂಪೇರಿತು.

"ಅಯ್ಯೋ ಪಾಪಿ!" ಅತಿಯ್ಯಾತ್ ಹಣೆ ಚಚ್ಚಿಕೊಂಡಳು. "ರೋಗಿಷ್ಟನ್ನ ಮದುಮಗ ಮಾಡಿಟ್ಟೆಯಲ್ಲೋ!"

ಕತ್ತಿನಿಂದ ಮೇಲೆ ಮದುಮಗ, ಕೆಳಗೆ ಭಿಕ್ಷುಕ. ಬಯೂಮಿ ಟ್ರಾಮ್ ಹತ್ತಿದ. ಜೊತೆಗೆ ನೇಮತ್. ಕರೆಯದೆಯೇ ಅತಿಯ್ಯಾತ್. ಎದುರು ಕೂತಿದ್ದ ಮುದುಕನೊಬ್ಬ ಮೀಸೆಯನ್ನೂ ನೇಮತ್‌ಳನ್ನೂ ನೋಡಿ, "ಶುಭವಾಗಲಿ ಮಕ್ಕಳೇ, ತಡವಾದ್ರೂ ಆಯ್ತಲ್ಲ" ಎಂದು ಹರಸಿದ.

ಕಚೇರಿಯಲ್ಲಿ ಜನ ಬುಟ್ಟಿಯೊಳಗಿನ ಮೀನುಗಳಂತೆ ತುಂಬಿದ್ದರು. ಗಾಜಿನ ಕಿಟಕಿಯ ಹಿಂದೆ ಮದಾಮ್ ಸೊಹೇರ್ ಕನ್ನಡಕ ಏರಿಸಿಕೊಂಡು ಕೂತಿದ್ದರು.

"ಏನು ರೋಗ?"

"ಅದು," ಎಂದು ಬಯೂಮಿ ಪಿಸುಗುಟ್ಟಿದ.

"ಯಾವುದು?"

"ಅದೇ ಮದಾಮ್. ನಿಮ್ಮಿಂದ ದೂರ ಇರ್ಲಿ."

"ಬೆಳಗ್ಗಿಂದ ಆರು ಜನ ಅದು ಅಂದ್ರು. ಒಬ್ಬನ ಅದು ಮೂತ್ರದ ಕಲ್ಲು. ಇನ್ನೊಬ್ಬನ ಅದು ವಿಚಾರಿಸಿದ್ರೆ ಅವನ ಅತ್ತೆ! ಹೆಸರು ಬೇಕು."

ನೇಮತ್ ಆಸ್ಪತ್ರೆಯ ಕಾಗದ ಮುಂದೆ ನೂಕಿದಳು. "ಇದ್ರಲ್ಲಿ ಇದೆ, ನೀವೇ ನೋಡ್ಕೊಳ್ಳಿ."

ಮದಾಮ್ ನೋಡಿದರು. ಪೆನ್ನು ಗಾಳಿಯಲ್ಲೇ ನಿಂತಿತು. ಅವರೂ ಅದೇ ಊರಿನವರು ತಾನೇ? ತಮಗೆ ಅದು ತಗಲದಿರಲೆಂದು ಮೇಜಿನ ಮರವನ್ನು ಮೂರು ಸಲ ತಟ್ಟಿ, ಕಾಗದವನ್ನು ಉಗುರ ತುದಿಯಲ್ಲಿ ಹಿಂದಕ್ಕೆ ತಳ್ಳಿದರು. "ಅರ್ಜಿದಾರರು ಸ್ವಂತ ಬಾಯಲ್ಲಿ ಹೇಳ್ಬೇಕು. ನಿಯಮ. ಹೋಗಿ ಕೂತ್ಕೊಳ್ಳಿ, ಧೈರ್ಯ ಬಂದಾಗ ಹೇಳಿ."

ಬಯೂಮಿ ಬೆಂಚಿನ ಮೇಲೆ ಕೂತ. "ಹೇಳಿಬಿಡ್ರೀ," ಎಂದು ನೇಮತ್ ಒಂದು ಕಡೆ ತಿವಿದಳು. "ಹೇಳಿದ್ರೆ ನಾನು ನಿನ್ನ ಪಕ್ಕದ ಮನೇಲೇ ಇರೋದು, ನೆನಪಿರ್ಲಿ!" ಎಂದು ಅತಿಯ್ಯಾತ್ ಇನ್ನೊಂದು ಕಡೆ ತಿವಿದಳು. ಕಿಟಕಿಯಾಚೆ ಕಡಲು ಬಿಸಿಲಿಗೆ ಮಿನುಗುತ್ತಿತ್ತು. ಮೇಲೆ ಫ್ಯಾನು ಮೆಲ್ಲಗೆ, ಯಾರೋ ದೂರದಲ್ಲಿ ದೋಣಿಯ ಹುಟ್ಟು ಹಾಕಿದಂತೆ ತಿರುಗುತ್ತಿತ್ತು. ಅವನ ಕಣ್ಣು ಎಳೆಯಿತು.

ಕಣ್ಣು ಮುಚ್ಚಿದ್ದೇ ತಡ, ನೆಲದ ಮೇಲೆಲ್ಲ ಮಂಜು ಹರಿದು ಬಂತು. ಹರಾಜಿನ ಕಟ್ಟೆ. ನಸುಕಿನ ದೀಪಗಳ ಕೆಳಗೆ ಮೀನುಗಳು ಬೆಳ್ಳಿಯ ಚೂರುಗಳಂತೆ ಹೊಳೆಯುತ್ತಿದ್ದವು. ಕೊಳ್ಳುವವರಿಗೆ ಕಾಲುಗಳೇ ಇರಲಿಲ್ಲ, ಮಂಜಿನ ಮೇಲೆ ಬರೀ ಟೋಪಿಗಳು ತೇಲುತ್ತಿದ್ದವು. ಬಾಗಿಲು ತೆರೆದಿಟ್ಟ ಮನೆಯೊಳಗೆ ಓಡಾಡುವಂತೆ ಕಡಲಗಾಳಿ ಬಯೂಮಿಯ ಎದೆಯೊಳಗೆ ಓಡಾಡುತ್ತಿತ್ತು. ಎಷ್ಟು ಕಾಲವಾಗಿತ್ತು ಇಷ್ಟು ಹಗುರಾಗಿ ಉಸಿರಾಡಿ! ಅವನ ಮುಂದೆ ಒಂದೇ ಒಂದು ಬುಟ್ಟಿ. ಅದರೊಳಗೆ ಏಡಿಯಂಥದ್ದೇನೋ ಕಪ್ಪಗೆ ಮುದುಡಿಕೊಂಡು ಕೂತಿತ್ತು.

ಮಂಜಿನಿಂದ ಕನ್ನಡಕವೊಂದು ಕೇಳಿತು: "ಧೈರ್ಯ ಬಂತಾ? ಹೆಸರು ಹೇಳಿ."

ಬಯೂಮಿ ಬೆಂಚಿನ ಮೇಲೆ ಎದ್ದು ನಿಂತ. ಕೈಯನ್ನು ಕಿವಿಗಿಟ್ಟ. ಹರಾಜಿನ ರಾಗ ಹೊಟ್ಟೆಯಾಳದಿಂದ ಎದ್ದು ಬಂತು.

"ಶ್ವಾಸಕೋಶದ ಕ್ಯಾನ್ಸರ್! ಬಲಗಡೆಯದು, ಬಲಿತದ್ದು! ಯಾರು ತಗೋತೀರಿ ಅಣ್ಣಾ? ಪುಕ್ಕಟೆ ಕೊಡ್ತೀನಿ! ಒಂದು ಸಲ... ಎರಡು ಸಲ...!"

ಕಿಟಕಿಯ ಗಾಜು ನಡುಗಿತು. ಮುಂದಿನ ಸಾಲಿನ ಕಿವುಡ ತಾತ, ಸರ್ಕಾರ ಏನೋ ಹಂಚುತ್ತಿದೆ ಎಂದುಕೊಂಡು ಕೈಯೆತ್ತಿದ. ಅವನ ಹೆಂಡತಿ ಚೀರಿ ಆ ಕೈಗೆ ಜೋತುಬಿದ್ದಳು. ಜನ ಬಾಗಿಲ ಕಡೆ ಓಡಿದರು. ಎಲ್ಲರಿಗಿಂತ ಮುಂದೆ ಅತಿಯ್ಯಾತ್. ಬಯೂಮಿ ಕಣ್ಣು ಬಿಟ್ಟಾಗ ಹಾಲ್‌ನಲ್ಲಿ ಉಳಿದದ್ದು ಫ್ಯಾನು, ನೇಮತ್, ಮತ್ತು ಯಾರದೋ ಒಂಟಿ ಚಪ್ಪಲಿ.

ಮದಾಮ್ ಸೊಹೇರ್ ಮೇಜಿನ ಕೆಳಗಿನಿಂದಲೇ ಮುದ್ರೆ ಒತ್ತಿದರು. "ಒಳಗೆ ಹೋಗಿ! ಮೊದಲು ಹೋಗಿ ಇಲ್ಲಿಂದ!"

"ನೋಡಿದ್ರಾ?" ನೇಮತ್ ಕಣ್ಣೊರೆಸಿಕೊಂಡು ನಕ್ಕಳು. "ಸಾಲೇ ಇಲ್ಲದ ಹಾಗೆ ಮಾಡಿಬಿಟ್ರಿ!"

ಒಳಗೆ ವಯಸ್ಸಾದ ಡಾಕ್ಟರು ಕಾಗದಗಳನ್ನೆಲ್ಲ ತಾಳ್ಮೆಯಿಂದ ಓದಿದರು. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟರು. "ರೋಗ ಇದೆಯಪ್ಪಾ. ಅನುಮಾನವೇ ಇಲ್ಲ. ಏನು ಕೆಲಸ ನಿನ್ನದು?"

"ಹರಾಜು ಕೂಗೋದು ಡಾಕ್ಟರೇ," ಎಂದಳು ನೇಮತ್. "ಈಗ ಕೂಗಕ್ಕಾಗಲ್ಲ."

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಕಪ್ಪು ಮೀಸೆ, ಕೆಂಪು ಕೆನ್ನೆ. "ಈಗ ಹೊರಗೆ ಕೂಗಿದ್ದು ನೀನೇ ತಾನೆ? ನೋಡಪ್ಪಾ, ಈ ಕಚೇರಿ ರೋಗಕ್ಕೆ ದುಡ್ಡು ಕೊಡಲ್ಲ. ಕೆಲಸ ಮಾಡಕ್ಕಾಗದವರಿಗೆ ಕೊಡುತ್ತೆ. ಎರಡು ಬಾಗಿಲು ಹಾಕ್ಕೊಂಡು ಕೂತಿದ್ದೆ ನಾನು, ನನ್ನ ಲೋಟದ ಚಹಾ ಅಲ್ಲಾಡಿಹೋಯ್ತು. ನಾನೇ ಕೇಳಿಸ್ಕೊಂಡಿದ್ದನ್ನ ಇಲ್ಲ ಅಂತ ಹೇಗೆ ಬರೀಲಿ?"

ಅದು ಕನಸಿನ ದನಿ ಸ್ವಾಮಿ, ನನ್ನದಲ್ಲ ಎನ್ನಲು ಬಯೂಮಿ ಬಾಯಿ ತೆರೆದ. ಗಾಳಿ ಮಾತ್ರ ಬಂತು. ತುಟಿ ಅಲ್ಲಾಡಿದ್ದನ್ನು ಕಂಡು ಡಾಕ್ಟರು ಅವನ ಭುಜ ತಟ್ಟಿದರು. "ಇರ್ಲಿ ಬಿಡಪ್ಪಾ, ನನಗ್ಯಾಕೆ ಥ್ಯಾಂಕ್ಸು."

ಟ್ರಾಮ್ ಕಡಲ ಪಕ್ಕ ಹೊರಟಿತು. ಅತಿಯ್ಯಾತ್ ಮೂರು ಸಾಲು ಹಿಂದೆ ಮೂಗು ಮುಚ್ಚಿಕೊಂಡು ಕೂತಿದ್ದಳು. ನೇಮತ್ ಪಿಂಚಣಿ ಇಲ್ಲವೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಮಡಿಸಲು ಹೋದಳು. ಬಯೂಮಿ ಅವಳ ಕೈ ಹಿಡಿದು, ಓದು ಎಂದು ಸನ್ನೆ ಮಾಡಿದ.

"ಏನಿದೆ ಓದಕ್ಕೆ? ದುಡಿಯಲು ಶಕ್ತ. ಆರು ತಿಂಗಳ ನಂತರ ಬರುವುದು. ದನಿ: ಅತ್ಯುತ್ತಮ."

ಕೊನೆಯದನ್ನು ಇನ್ನೊಮ್ಮೆ ಓದು ಎಂದು ಅವನು ಬೆರಳೆತ್ತಿದ.

"ದನಿ, ಅತ್ಯುತ್ತಮ," ಎಂದಳು ನೇಮತ್. ಅವಳ ದನಿಯೇ ಒಡೆದಿತ್ತು.

ಬಯೂಮಿ ಕಪ್ಪು ಮೀಸೆಯೊಳಗೆ ನಕ್ಕು ಕಿಟಕಿಗೆ ತಲೆ ಒರಗಿಸಿದ. ಕಣ್ಣುಗಳು ಮೆಲ್ಲಗೆ ಮುಚ್ಚಿಕೊಂಡವು.

ನೇಮತ್ ಅವನ ತೋಳು ಚಿವುಟಿದಳು. "ಇಲ್ಲಿ ಮಾತ್ರ ನಿದ್ದೆ ಮಾಡ್ಬೇಡ್ರೀ! ಮನೆ ತನಕ ನಡೆಯೋ ಶಕ್ತಿ ನನಗಿಲ್ಲ, ಮತ್ತೆ ಕೂಗಿದ್ರೆ ಟ್ರಾಮ್‌ನಿಂದ ಇಳಿಸಿಬಿಟ್ಟಾರು!"